ಆಟ ಮಾರಿದರು, ಆಟಗಾರರ ಸಮೇತ

(ಸಂಜೆಯೊಂದರ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಎರಡು ಪಕ್ಷದವರು ಕೂತಿದ್ದೀರಿ. ಆಟ ಆಡುವವರು ಒಂದು ಕಡೆ, "ಸಾಕು, ಆ ಫೋನು ಕೆಳಗಿಡು" ಅನ್ನುವವರು ಇನ್ನೊಂದು ಕಡೆ. ಎರಡನೆಯವರು ದಯವಿಟ್ಟು ಎದ್ದು ಹೋಗಬೇಡಿ. ಇದು ಆಟದ ಬಗ್ಗೆ ಎಷ್ಟೋ ಅಷ್ಟೇ ದುಡ್ಡಿನ ಬಗ್ಗೆಯೂ ಆದ ಮಾತು: ಕಂಪ್ಯೂಟರ್, ಮೊಬೈಲ್ ಆಟ ಮಾಡುವ ಸ್ಟುಡಿಯೊ ಮಾರಾಟವಾದರೆ ಆಡುವವರ ಪಾಡೇನು ಎಂದು.

2018ರ ಸೆಪ್ಟೆಂಬರ್ 6ರಂದು ಒಂದು ವ್ಯಾಪಾರ ಪ್ರಕಟವಾಯಿತು. ಐಸ್‌ಲ್ಯಾಂಡಿನ ರೇಕ್ಯವಿಕ್ ನಗರದ ಸಿಸಿಪಿ ಗೇಮ್ಸ್ ಎಂಬ ಸ್ಟುಡಿಯೊವನ್ನು ದಕ್ಷಿಣ ಕೊರಿಯಾದ ಪರ್ಲ್ ಅಬಿಸ್ ಕಂಪನಿ ಕೊಳ್ಳುತ್ತದೆ, ಬೆಲೆ 42.5 ಕೋಟಿ ಡಾಲರ್ ತನಕ. ಸಿಸಿಪಿಯ ಹತ್ತಿರ ಹೇಳಿಕೊಳ್ಳುವಂಥ ಆಟ ಇದ್ದದ್ದು ಒಂದೇ, ‘ಈವ್ ಆನ್‌ಲೈನ್’. ಒಂದು ಆಟಕ್ಕೆ ಅಷ್ಟು ದುಡ್ಡೇ ಎಂದು ಕೇಳಬಹುದು. ಅದಕ್ಕೆ ಆ ಆಟ ಎಂಥದ್ದು ಎಂದು ಸ್ವಲ್ಪ ಹೇಳಬೇಕು.

ಈವ್ ಶುರುವಾದದ್ದು 2003ರ ಮೇ ತಿಂಗಳಲ್ಲಿ. ಅಂತರಿಕ್ಷದಲ್ಲಿ ನಡೆಯುವ ಆಟ. ಹಡಗು ಕಟ್ಟು, ಗಣಿ ತೋಡು, ವ್ಯಾಪಾರ ಮಾಡು, ಜಗಳಕ್ಕೆ ಹೋಗು. ಚೀನಾದವರಿಗೆ ಮಾತ್ರ ಬೇರೆ ಸರ್ವರ್, ಉಳಿದ ಲೋಕವೆಲ್ಲ ಒಂದೇ ಸರ್ವರ್‌ನಲ್ಲಿ, ಅಂದರೆ ಒಂದೇ ಜಗತ್ತಿನೊಳಗೆ ಆಡುತ್ತದೆ. ಕಂಪನಿ ಬಯಲು ಹಾಕಿಕೊಟ್ಟಿದೆ ಅಷ್ಟೇ. ಸಾಮ್ರಾಜ್ಯ ಕಟ್ಟಿದವರು, ಒಪ್ಪಂದ ಮಾಡಿದವರು, ಬೆನ್ನಿಗೆ ಚೂರಿ ಹಾಕಿದವರು ಎಲ್ಲ ಆಟಗಾರರೇ. 2014ರ ಜನವರಿಯಲ್ಲಿ ಒಂದು ಗುಂಪಿನವರಿಗೆ ತಮ್ಮ ವಶದಲ್ಲಿದ್ದ ಬಿ-ಆರ್5ಆರ್‌ಬಿ ಎಂಬ ನಕ್ಷತ್ರಮಂಡಲಕ್ಕೆ ಕಟ್ಟಬೇಕಾದ ಕಂದಾಯದ ಕಂತು ಕಟ್ಟದೆ ಬಿಟ್ಟುಹೋಯಿತು. ಎದುರಾಳಿಗಳು ಕಾಯುತ್ತಲೇ ಇದ್ದರು. ಸುಮಾರು 21 ಗಂಟೆ ಕಾಳಗ ನಡೆಯಿತು, 7,548 ಮಂದಿ ಅದರಲ್ಲಿ ಸೇರಿದ್ದರು. ಟೈಟನ್ ಅನ್ನುವ, ತಿಂಗಳುಗಟ್ಟಲೆ ಸೇರಿ ಕಟ್ಟುವ ದೈತ್ಯ ಹಡಗುಗಳು 75 ನಾಶವಾದವು. ನಿಜದ ದುಡ್ಡಿಗೆ ಲೆಕ್ಕ ಹಾಕಿದರೆ ನಷ್ಟ ಸುಮಾರು 3 ಲಕ್ಷ ಡಾಲರ್ ಎಂದು ಅಂದಾಜು ಮಾಡಿದರು. ಆಟದೊಳಗಿನ ತೆರಿಗೆ ಕಟ್ಟದೆ ಬಿಟ್ಟುಹೋದದ್ದಕ್ಕೆ!

ಇನ್ನೂ ಒಂದಿದೆ. 2008ರಿಂದ ಆ ಆಟದಲ್ಲಿ ಆಟಗಾರರೇ ಮತ ಹಾಕಿ ಆರಿಸುವ ಒಂದು ಮಂಡಳಿ ಇದೆ, ಸ್ಟುಡಿಯೊದ ಜೊತೆ ಕೂತು ಮಾತಾಡಲಿಕ್ಕೆ. 2014ರಲ್ಲಿ ರೇಕ್ಯವಿಕ್ ಬಂದರಿನ ಬಳಿ ಒಂದು ಸ್ಮಾರಕ ನಿಲ್ಲಿಸಿದರು, ಆಗ ಆಡುತ್ತಿದ್ದವರ ಹೆಸರುಗಳನ್ನೆಲ್ಲ ಅದರಲ್ಲಿ ಕೆತ್ತಿಸಿ.

ಈಗ ಹೇಳಿ, ಪರ್ಲ್ ಅಬಿಸ್ ಕೊಂಡದ್ದು ಏನನ್ನು? ಕೋಡ್, ಚಿತ್ರ, ಹೆಸರು, ಸರಿ. ಅವಿಷ್ಟನ್ನೂ ತೂಕಕ್ಕೆ ಹಾಕಿದರೆ 42.5 ಕೋಟಿ ಡಾಲರ್ ಬರುವುದಿಲ್ಲ. ಬೆಲೆ ಬಂದದ್ದು ಹದಿನೈದು ವರ್ಷ ಬಿಡದೆ ಆಡುತ್ತಿದ್ದ ಜನರಿಂದ, ಅವರು ತಿಂಗಳು ತಿಂಗಳು ಕಟ್ಟುವ ಚಂದಾದಿಂದ. ನಮ್ಮಲ್ಲಿ ಯಕ್ಷಗಾನ ಮೇಳಗಳು ಒಬ್ಬ ಯಜಮಾನರಿಂದ ಇನ್ನೊಬ್ಬರ ಕೈಗೆ ಹೋಗುವುದುಂಟು. ಹೊಸ ಯಜಮಾನರ ಆಟ ಹಿಡಿಸದಿದ್ದರೆ ಪ್ರೇಕ್ಷಕ ಇನ್ನೊಂದು ಮೇಳದ ಆಟಕ್ಕೆ ಹೋಗುತ್ತಾನೆ. ಇಲ್ಲಿ ಹಾಗಲ್ಲ. ಪ್ರೇಕ್ಷಕನೇ ವೇಷ ಕಟ್ಟಿ ರಂಗದ ಮೇಲಿದ್ದಾನೆ, ಕಿರೀಟವನ್ನೂ ತಾನೇ ಮಾಡಿಕೊಂಡಿದ್ದಾನೆ, ಮತ್ತು ಅದನ್ನು ಮನೆಗೆ ಒಯ್ಯುವ ಹಾಗಿಲ್ಲ.

ಸುದ್ದಿ ಬಂದ ದಿನ ಆಟಗಾರರ ಭಯ ಒಂದೇ ಮಾತಿನಲ್ಲಿತ್ತು: ‘ಪೇ ಟು ವಿನ್’. ದುಡ್ಡಿದ್ದವನೇ ಗೆಲ್ಲುವ ಆಟವಾಗಿಬಿಡುತ್ತದೆ ಅನ್ನುವುದು. ಭಯಕ್ಕೆ ಕಾರಣವೂ ಇತ್ತು. ಪರ್ಲ್ ಅಬಿಸ್‌ನ ‘ಬ್ಲ್ಯಾಕ್ ಡೆಸರ್ಟ್’ ಆಟದಲ್ಲಿ, ನಿಜದ ದುಡ್ಡು ಕೊಟ್ಟು ಕೊಂಡ ಸಾಮಾನನ್ನು ಆಟದೊಳಗಿನ ಮಾರುಕಟ್ಟೆಯಲ್ಲಿ ಮಾರಲು ಬಿಡುವುದಿಲ್ಲ ಎಂದಿದ್ದ ಪಶ್ಚಿಮ ದೇಶಗಳ ಪ್ರಕಾಶಕರು 2016ರಲ್ಲಿ ಮಾತು ಬದಲಿಸಿದ್ದರು. ಈವ್ ಆಟಗಾರರಿಗೆ ಅದು ಗೊತ್ತಿತ್ತು. ಸಿಸಿಪಿಯ ಮುಖ್ಯಸ್ಥ ಹಿಲ್ಮಾರ್ ವೇಗಾರ್ ಪೆಟುರ್ಸನ್ ಸಮಾಧಾನ ಹೇಳಿದರು: ತಂಡ ರೇಕ್ಯವಿಕ್‌ನಲ್ಲೇ ಇರುತ್ತದೆ, ಸ್ವತಂತ್ರವಾಗಿಯೇ ಕೆಲಸ ಮಾಡುತ್ತದೆ.

ಇಂಥ ಸಮಾಧಾನದ ಪತ್ರಗಳನ್ನು ನಾನು ಬಹಳ ಓದಿದ್ದೇನೆ. ಒಂದರಲ್ಲಿ ಹೆಸರು ತೆಗೆದು ಇನ್ನೊಂದರಲ್ಲಿ ಅಂಟಿಸಬಹುದು. ಆದರೆ ಅವು ಸುಳ್ಳು ಎಂದು ನಾನು ಹೇಳುವುದಿಲ್ಲ. ಬರೆದವರು ಆ ದಿನ ಅದನ್ನು ನಂಬಿಯೇ ಬರೆದಿರುತ್ತಾರೆ, ಮತ್ತು ಆ ದಿನ ಏನೂ ಬದಲಾಗುವುದೂ ಇಲ್ಲ. ತೊಂದರೆ ಇರುವುದು ಬೇರೆ ಕಡೆ. ಬದಲಾವಣೆ ಬರುವ ಹೊತ್ತಿಗೆ ಆ ಪತ್ರ ಯಾರಿಗೂ ನೆನಪಿರುವುದಿಲ್ಲ.

ಹಳೆಯ ಯಜಮಾನರು ದೇವರಾಗಿದ್ದರು, ಹೊಸಬರು ಬಂದು ಕೆಡಿಸಿದರು ಅನ್ನುವ ಕಥೆಯನ್ನೂ ನಾನು ಒಪ್ಪುವುದಿಲ್ಲ. ಈವ್ ಆಟಗಾರರು ಮರೆಯಲಾಗದಷ್ಟು ಸಿಟ್ಟಾದದ್ದು 2011ರಲ್ಲಿ, ಸಿಸಿಪಿ ಇನ್ನೂ ಯಾರ ಕೈಗೂ ಹೋಗದಿದ್ದಾಗ. ಪಾತ್ರದ ಮುಖಕ್ಕೆ ಹಾಕುವ ಒಂಟಿ ಕನ್ನಡಕಕ್ಕೆ ಸುಮಾರು 60 ಡಾಲರ್ ಬೆಲೆ ಇಟ್ಟರು. ಅದೇ ವಾರ ಸ್ಟುಡಿಯೊದ ಒಳಗಿನ ಒಂದು ಸುತ್ತೋಲೆ ಪತ್ರಿಕೆ ಸೋರಿಕೆಯಾಯಿತು. ಅದರ ತಲೆಬರಹ ‘ದುರಾಸೆ ಒಳ್ಳೆಯದೇ?’ ಅಂತ. ಕನ್ನಡಕ ಕೊಳ್ಳದಿದ್ದರೆ ಆಯಿತಲ್ಲ ಎಂದು ಹೊರಗಿನವರಿಗೆ ಅನಿಸುತ್ತದೆ. ಆಟಗಾರರು ಹೆದರಿದ್ದು ಇವತ್ತು ಕನ್ನಡಕ, ನಾಳೆ ಫಿರಂಗಿ ಎಂದು. ಸಾವಿರಾರು ಜನ ಜಿಟಾ ಎಂಬ ವ್ಯಾಪಾರ ಕೇಂದ್ರದಲ್ಲಿ ಹಡಗು ತಂದು ನಿಲ್ಲಿಸಿ ಅಲ್ಲಿದ್ದ ಪ್ರತಿಮೆಗೆ ಗುಂಡು ಹಾರಿಸುತ್ತಾ ಕೂತರು. ಚಂದಾ ನಿಲ್ಲಿಸಿದರು. ಸ್ಟುಡಿಯೊ ಆ ಆಟಗಾರರ ಮಂಡಳಿಯನ್ನು ವಿಮಾನದಲ್ಲಿ ರೇಕ್ಯವಿಕ್‌ಗೆ ಕರೆಸಿಕೊಂಡು ತುರ್ತು ಸಭೆ ಮಾಡಿತು. ಅಕ್ಟೋಬರ್‌ನಲ್ಲಿ ಪೆಟುರ್ಸನ್ ಕ್ಷಮೆ ಕೇಳಿದರು. ಅದೇ ತಿಂಗಳು ಐದರಲ್ಲಿ ಒಂದು ಪಾಲು ನೌಕರರನ್ನು ತೆಗೆದರು. ದಂಡ ತೆತ್ತವರು ಯಾರು ಎಂದು ಗಮನಿಸಿ, ಬೆಲೆ ಇಟ್ಟವರಷ್ಟೇ ಅಲ್ಲ.

ಹಾಗಾದರೆ ನೋಡಬೇಕಾದದ್ದು ಯಜಮಾನರ ಮುಖವನ್ನಲ್ಲ, ವ್ಯಾಪಾರದ ಷರತ್ತನ್ನು. 2018ರ 42.5 ಕೋಟಿಯಲ್ಲಿ ಮೊದಲೇ ಕೊಟ್ಟದ್ದು 22.5 ಕೋಟಿ. ಉಳಿದ 20 ಕೋಟಿಗೆ ಷರತ್ತು ಇತ್ತು: 2019 ಮತ್ತು 2020ರಲ್ಲಿ ಸಿಸಿಪಿ ಇಂತಿಷ್ಟು ಸಾಧನೆ ತೋರಿಸಬೇಕು. ಇದು ಈ ಉದ್ಯಮದಲ್ಲಿ ಮಾಮೂಲಿ ಪದ್ಧತಿ. ಮಾರಿದವರು ಬಿಟ್ಟು ಓಡಬಾರದು ಎಂದು ಕೊಂಡವರು ಹಾಕುವ ಗಂಟು. ಆದರೆ ಆಟಗಾರನ ಕಡೆಯಿಂದ ನೋಡಿ. ಮಾರಾಟವಾದ ಮೇಲಿನ ಎರಡು ವರ್ಷ, ನಿಮಗೆ ಬೇಕಾದ ಹಳೆಯ ಮುಖಗಳೇ ಕುರ್ಚಿಯಲ್ಲಿರುತ್ತವೆ, ಮತ್ತು ಆ ಎರಡು ವರ್ಷ ಅಂಕಿ ಏರಿಸುವ ಒತ್ತಡ ಅವರ ಮೇಲೆಯೇ ಇರುತ್ತದೆ. ಗಡುವು ಮುಗಿದ ಮೇಲೆ ಅವರಲ್ಲಿ ಎಷ್ಟು ಮಂದಿ ಉಳಿಯುತ್ತಾರೆ ಅನ್ನುವುದು ಬೇರೆ ಪ್ರಶ್ನೆ. ಸಾಲ ಮಾಡಿ ಕೊಂಡಿದ್ದರೆ ಇನ್ನೂ ಬಿಗಿ. 2025ರ ಸೆಪ್ಟೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯನ್ನು ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿ ಮತ್ತು ಜೊತೆಗಾರರು 5,500 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿದಾಗ, ಅದರಲ್ಲಿ 2,000 ಕೋಟಿ ಸಾಲದ ಹಣ ಎಂದೂ ಹೇಳಿದರು. ಆ ಸಾಲದ ಬಡ್ಡಿ ಆಟದಿಂದಲೇ ಬರಬೇಕು, ಅಂದರೆ ಆಡುವವರಿಂದ.

ಈವ್ ಆನ್‌ಲೈನ್ ಕೊರಿಯಾದ ಆಟವಾಗಿಬಿಡಲಿಲ್ಲ. 14.95 ಡಾಲರ್ ಇದ್ದ ತಿಂಗಳ ಚಂದಾ 2022ರ ಮೇ ತಿಂಗಳಲ್ಲಿ 19.99 ಆಯಿತು, ಒಂದೇ ಏಟಿಗೆ ಮೂರನೇ ಒಂದು ಭಾಗ ಏರಿಕೆ. ಅದಕ್ಕೆ ಮಾರಾಟವೇ ಕಾರಣ ಎಂದು ನಾನು ಸಾಬೀತು ಮಾಡಲಾರೆ; ಎಲ್ಲ ಬೆಲೆಗಳೂ ಏರುತ್ತಿದ್ದ ವರ್ಷ ಅದು. ಮಾರಾಟವಾಗಿ ಆಗ ನಾಲ್ಕು ವರ್ಷವಾಗುತ್ತ ಬಂದಿತ್ತು ಅನ್ನುವುದನ್ನು ಮಾತ್ರ ಗುರುತು ಹಾಕಿಕೊಳ್ಳಿ, ಯಾಕೆಂದರೆ ಈ ತಡವಾಗಿ ಬರುವ ಗುಣ ಮತ್ತೆ ಮತ್ತೆ ಕಾಣುತ್ತದೆ.

ರಾಕೆಟ್ ಲೀಗ್ ತೆಗೆದುಕೊಳ್ಳಿ. ಕಾರುಗಳು ಫುಟ್‌ಬಾಲ್ ಆಡುವ ಆಟ, ನಿಮ್ಮಲ್ಲಿ ಹಲವರು ಆಡಿರುತ್ತೀರಿ. ಅದನ್ನು ಮಾಡಿದ ಸೈಯೊನಿಕ್ಸ್ ಸ್ಟುಡಿಯೊವನ್ನು 2019ರ ಮೇ ತಿಂಗಳಲ್ಲಿ ಎಪಿಕ್ ಗೇಮ್ಸ್ ಕೊಳ್ಳುವುದಾಗಿ ಹೇಳಿತು. ಆ ವಾರವೇ, ಎಪಿಕ್‌ಗೆ ಎದುರಾಳಿಯಾದ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಆಟಗಾರರು ಸಾಲುಸಾಲಾಗಿ ಕೆಟ್ಟ ವಿಮರ್ಶೆ ಹಾಕಿದರು. ಆಟ ಹಾಗೇ ಇತ್ತು! ಬದಲಾವಣೆ ಬಂದದ್ದು ಆಮೇಲೆ, ಒಂದೊಂದಾಗಿ. 2020ರ ಮಾರ್ಚ್‌ನಲ್ಲಿ ಮ್ಯಾಕ್ ಮತ್ತು ಲಿನಕ್ಸ್‌ನವರಿಗೆ ಆನ್‌ಲೈನ್ ಆಟ ನಿಂತಿತು, ಬೇಕಾದವರಿಗೆ ಹಣ ವಾಪಸ್ ಎಂದರು. ಸೆಪ್ಟೆಂಬರ್‌ನಲ್ಲಿ ಆಟ ಉಚಿತವಾಯಿತು, ಒಳ್ಳೆಯದೇ. ಜೊತೆಗೆ ಹೊಸಬರಿಗೆ ಸ್ಟೀಮ್‌ನಲ್ಲಿ ಸಿಗದಂತಾಯಿತು. 2023ರ ಡಿಸೆಂಬರ್ 5ರಂದು ಆಟಗಾರರು ತಮ್ಮ ತಮ್ಮಲ್ಲಿ ಸಾಮಾನು ಅದಲು ಬದಲು ಮಾಡುವುದನ್ನೇ ತೆಗೆದುಹಾಕಿದರು. ಅಪರೂಪದ ಚಕ್ರ, ಬಣ್ಣ ಕೂಡಿಹಾಕಿ ವ್ಯಾಪಾರ ಮಾಡುತ್ತಿದ್ದವರ ಆಟ ಅಲ್ಲಿಗೆ ಮುಗಿಯಿತು. ಅಂಗಡಿಯ ವಿಷಯದಲ್ಲಿ ಎಪಿಕ್‌ನ ಉಳಿದ ಆಟಗಳಿಗೆ ಇರುವ ನೀತಿಯೇ ಇದಕ್ಕೂ ಅನ್ವಯಿಸುತ್ತದೆ ಎಂಬುದು ಅವರು ಕೊಟ್ಟ ಕಾರಣ. ಕಾರಣದಲ್ಲಿ ತಪ್ಪು ಹುಡುಕುವುದು ಕಷ್ಟ. ಆಟ ದೊಡ್ಡ ಸಂಸಾರಕ್ಕೆ ಸೊಸೆಯಾಗಿ ಸೇರಿದ ಮೇಲೆ ಆ ಮನೆಯ ಪದ್ಧತಿ.

ಚೌಕ ಇಟ್ಟಿಗೆಗಳಲ್ಲಿ ಲೋಕ ಕಟ್ಟುವ ಮೈನ್‌ಕ್ರಾಫ್ಟ್ ಆಟದ ಕಥೆ ಇನ್ನೂ ನಿಧಾನ. ಮೈಕ್ರೋಸಾಫ್ಟ್ ಅದನ್ನು 250 ಕೋಟಿ ಡಾಲರ್‌ಗೆ ಕೊಂಡದ್ದು 2014ರಲ್ಲಿ. ಹಳೆಯ ಖಾತೆಗಳನ್ನೆಲ್ಲ ಮೈಕ್ರೋಸಾಫ್ಟ್ ಖಾತೆಗೆ ಬದಲಾಯಿಸಲು ಕೊನೆಯ ಗಡುವು 2023ರ ಸೆಪ್ಟೆಂಬರ್ 19. ಬಾಲ್ಯದಲ್ಲಿ ದುಡ್ಡು ಕೊಟ್ಟು ಕೊಂಡು, ನಡುವೆ ಬಿಟ್ಟು, ಗಡುವು ದಾಟಿದ ಮೇಲೆ ಹಿಂತಿರುಗಿದವರಿಗೆ ಬಾಗಿಲು ತೆರೆಯಲಿಲ್ಲ. ಒಂಬತ್ತು ವರ್ಷ! ಕೊಂಡ ದಿನದ ಸುದ್ದಿ ಓದಿ ಯಾರು ತಾನೇ ಇದನ್ನು ಊಹಿಸಿದ್ದರು?

ಇನ್ನು ಸಿಟಿ ಆಫ್ ಹೀರೋಸ್. ಅದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಆಟಗಾರರ ಭಯದಲ್ಲಿ ಕೊನೆಯದು, ಆಟವೇ ಮುಚ್ಚಿಹೋಗುವುದು, ಅಲ್ಲಿ ನಡೆಯಿತು.

2004ರಲ್ಲಿ ಅಮೆರಿಕದ ಕ್ರಿಪ್ಟಿಕ್ ಸ್ಟುಡಿಯೊಸ್ ಅದನ್ನು ತಂದಿತು. ನಿಮ್ಮದೇ ಒಬ್ಬ ಮಹಾವೀರನನ್ನು ಮಾಡಿಕೊಳ್ಳುವ ಆಟ: ವೇಷ, ಶಕ್ತಿ, ಹೆಸರು, ಹಿನ್ನೆಲೆಯ ಕಥೆ ಎಲ್ಲ ನಿಮ್ಮದು. 2007ರ ನವೆಂಬರ್‌ನಲ್ಲಿ ಕೊರಿಯಾದ ಎನ್‌ಸಿಸಾಫ್ಟ್ ಅದರ ಪೂರ್ತಿ ಹಕ್ಕು ಕೊಂಡಿತು. ಮೊದಲ ವರ್ಷಗಳು ಚೆನ್ನಾಗಿಯೇ ಇದ್ದವು, ತಂಡ ಬೆಳೆಯಿತು, ಹೊಸ ಭಾಗಗಳು ಬಂದವು. 2012ರ ಆಗಸ್ಟ್ 31ರಂದು ಏಕಾಏಕಿ ಪ್ರಕಟಣೆ: ಆಟ ನಡೆಸುತ್ತಿದ್ದ ನಮ್ಮ ಪ್ಯಾರಗಾನ್ ಸ್ಟುಡಿಯೊ ಮುಚ್ಚುತ್ತೇವೆ, ಆಟ ನಿಲ್ಲಿಸುತ್ತೇವೆ. ಕಂಪನಿಯ ಗಮನ ಬೇರೆ ಕಡೆಗೆ ತಿರುಗಿಸಬೇಕಾಗಿದೆ ಎಂಬ ಅರ್ಥದ ಒಂದು ಒಣ ವಾಕ್ಯ. ಆಟಗಾರರು ಅರ್ಜಿಗೆ ಸಹಿ ಮಾಡಿದರು, ಆಟದೊಳಗಿನ ಅಟ್ಲಾಸ್ ಪಾರ್ಕ್ ಎಂಬ ಚೌಕದಲ್ಲಿ ತಮ್ಮ ವೀರರನ್ನು ಪಂಜು ಹಿಡಿಸಿ ನಿಲ್ಲಿಸಿದರು. ನವೆಂಬರ್ 30ರಂದು ಸರ್ವರ್ ಆರಿತು. ಸಿಯೋಲ್‌ನಲ್ಲಿ ಲೆಕ್ಕ ನೋಡುವವರಿಗೆ ಅದು ಹಲವು ಆಟಗಳಲ್ಲಿ ಒಂದು. ಕ್ಯಾಲಿಫೋರ್ನಿಯಾದ ಆ ಸ್ಟುಡಿಯೊದವರಿಗೆ ಅದೇ ಸರ್ವಸ್ವವಾಗಿತ್ತು. ಕೈ ಬದಲಾದಾಗ ಆಗುವ ಮುಖ್ಯ ಬದಲಾವಣೆ ಇದು ಅನಿಸುತ್ತದೆ ನನಗೆ. ಲಾಭ ಇದ್ದರೂ ಸಾಲದು, ಪಕ್ಕದ ಆಟಕ್ಕಿಂತ ಹೆಚ್ಚು ಲಾಭ ಇರಬೇಕು.

ಮುಂದಿನದು ಕಾದಂಬರಿಯ ಹಾಗಿದೆ. 2019ರ ಏಪ್ರಿಲ್‌ನಲ್ಲಿ ಒಂದು ಗುಟ್ಟು ರಟ್ಟಾಯಿತು. ಒಂದು ಸಣ್ಣ ಗುಂಪಿನ ಕೈಗೆ ಆಟದ ಸರ್ವರ್ ಕೋಡ್ ಸಿಕ್ಕಿತ್ತು, ಅವರು ವರ್ಷಗಟ್ಟಲೆ, ಕರೆದವರಿಗೆ ಮಾತ್ರ ಬಾಗಿಲು ತೆರೆದು, ಗುಟ್ಟಾಗಿ ಆಡುತ್ತಿದ್ದರು. ಮುಚ್ಚಿದ ಕಂಪನಿಯ ಮೇಲೆ ಇದ್ದ ಸಿಟ್ಟು ಒಂದು ವಾರ ಈ ಗುಂಪಿನ ಮೇಲೆ ತಿರುಗಿತು: ನಾವು ಅಲ್ಲಿ ಅಳುತ್ತಿದ್ದಾಗ ನೀವು ಇಲ್ಲಿ ಆಡುತ್ತಿದ್ದಿರಾ ಎಂದು. ಕೊನೆಗೆ ಕೋಡ್ ಹೊರಬಂತು, ಹಲವು ಸರ್ವರ್‌ಗಳು ಹುಟ್ಟಿದವು. ಅವುಗಳಲ್ಲಿ ಹೋಮ್‌ಕಮಿಂಗ್ ಎಂಬುದಕ್ಕೆ 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ಅಧಿಕೃತ ಪರವಾನಗಿಯನ್ನೇ ಕೊಟ್ಟಿತು. ಮುಚ್ಚಿ ಹನ್ನೊಂದು ವರ್ಷದ ಮೇಲೆ, ಮುಚ್ಚಿದವರೇ. ಇಂಥದ್ದು ತೀರಾ ಅಪರೂಪ, ಇದನ್ನು ಕೇಳಿ ಆಸೆ ಇಟ್ಟುಕೊಳ್ಳಬೇಡಿ. ಮಕ್ಕಳ ‘ಕ್ಲಬ್ ಪೆಂಗ್ವಿನ್’ ಆಟವನ್ನು ಡಿಸ್ನಿ 2007ರಲ್ಲಿ 35 ಕೋಟಿ ಡಾಲರ್ ಕೊಟ್ಟು ಕೊಂಡು, 2017ರ ಮಾರ್ಚ್‌ನಲ್ಲಿ ಮುಚ್ಚಿತು. ಅದಕ್ಕೆ ಅಂಥ ಅದೃಷ್ಟ ಬರಲಿಲ್ಲ.

ನಮ್ಮ ಊರಿನ ಹುಡುಗರಿಗೆ ಕೈ ಬದಲಾಗುವುದು ಏನೆಂದು ಗೊತ್ತಾದದ್ದು ಪಬ್‌ಜಿಯಿಂದ. ಅದು ಮಾರಾಟ ಅಲ್ಲ, ನಿಷೇಧ. ಆದರೂ ಅನುಭವ ಅದೇ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ತಡೆಯಿತು, ಅದರಲ್ಲಿ ಚೀನಾದ ಟೆನ್ಸೆಂಟ್ ನಡೆಸುತ್ತಿದ್ದ ಪಬ್‌ಜಿ ಮೊಬೈಲ್ ಒಂದು. ಅಕ್ಟೋಬರ್ 30ಕ್ಕೆ ಸರ್ವರ್ ಬಂದ್. ದುಡ್ಡು ಕೊಟ್ಟು ಯುಸಿ ಎಂಬ ಆಟದ ನಾಣ್ಯ ಹಾಕಿಸಿಕೊಂಡವರು, ಬಂದೂಕಿಗೆ ಅಲಂಕಾರದ ಗನ್ ಸ್ಕಿನ್ ಕೊಂಡವರು ಎಂಟು ತಿಂಗಳು ಕಾದರು. 2021ರ ಜುಲೈನಲ್ಲಿ ಕ್ರಾಫ್ಟನ್ ಕಂಪನಿ ಬಿಜಿಎಂಐ ಎಂಬ ಹೆಸರಿನಲ್ಲಿ ತಂದಾಗ, ಹಳೆಯ ಖಾತೆಯ ಮಾಹಿತಿ ಹೊಸ ಕಂಪನಿಗೆ ಹೋಗಲು ಒಪ್ಪಿಗೆ ಕೊಡಿ ಎಂದು ಕೇಳಿತು. ಎಷ್ಟು ಮಂದಿ ಆ ಪುಟವನ್ನು ಓದಿ ಒತ್ತಿದರು ಎಂದು ಈ ಸಭೆಯಲ್ಲಿ ಕೈ ಎತ್ತಿಸುವುದಿಲ್ಲ.

ನನ್ನ ಮಾತು ಇಷ್ಟು. ಇನ್ನು ನಿಮ್ಮ ಪ್ರಶ್ನೆಗಳು.

*

ಒಬ್ಬ ತಾಯಿ ಕೇಳಿದರು: "ಮಗ ಗೇಮಿಗೆ ಹಾಕಿರೋ ದುಡ್ಡು, ಕಂಪನಿ ಮಾರಿಹೋದ್ರೆ ವಾಪಸ್ ಬರುತ್ತಾ ಸರ್?"

ಬರುವುದಿಲ್ಲ ಅಮ್ಮ. ಅವನು ಕೊಂಡದ್ದು ವಸ್ತುವನ್ನಲ್ಲ, ಬಳಸುವ ಅನುಮತಿಯನ್ನು, ಅದೂ ಕಂಪನಿ ಬಿಟ್ಟಷ್ಟು ದಿನ. ಒಪ್ಪಿಗೆ ಎಂದು ಒತ್ತುವ ಪುಟದಲ್ಲಿ ಹಾಗೆ ಬರೆದಿರುತ್ತದೆ. ಇದನ್ನು ಕೊಳ್ಳುವ ಮೊದಲೇ ಸ್ಪಷ್ಟವಾಗಿ ಹೇಳಬೇಕು ಎಂದು ಕ್ಯಾಲಿಫೋರ್ನಿಯಾ ರಾಜ್ಯ ಒಂದು ಕಾನೂನು ಮಾಡಿದೆ, 2025ರ ಜನವರಿಯಿಂದ ಜಾರಿಯಲ್ಲಿದೆ. ಯೂಬಿಸಾಫ್ಟ್ ಕಂಪನಿ ‘ದಿ ಕ್ರೂ’ ಎಂಬ ಕಾರ್ ಆಟವನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಿದ ಮೇಲೆ ಯುರೋಪಿನಲ್ಲಿ ಒಂದು ಚಳವಳಿ ಹುಟ್ಟಿತು: ಮುಚ್ಚುವುದಾದರೆ ಮುಚ್ಚಿ, ಕೊಂಡವರು ಆಡಲು ಏನಾದರೂ ದಾರಿ ಬಿಟ್ಟು ಹೋಗಿ ಎಂದು. ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಂದಿವೆ.

ಒಬ್ಬ ಹುಡುಗ: "ನಮ್ಮ ಡೇಟಾ ಕಥೆ ಏನು ಸರ್? ಅದೂ ಮಾರಾಟನಾ?"

ಪೋಕೆಮಾನ್ ಗೋ ನೆನಪಿದೆಯಲ್ಲ, ರಸ್ತೆ ರಸ್ತೆ ಸುತ್ತಿ ಫೋನಿನಲ್ಲಿ ಕಾಣುವ ಪ್ರಾಣಿಗಳನ್ನು ಹಿಡಿಯುವುದು. 2016ರ ಡಿಸೆಂಬರ್‌ನಲ್ಲಿ ಜಿಯೊ ಜೊತೆ ಸೇರಿ ಭಾರತಕ್ಕೆ ಬಂತು. 2025ರ ಮಾರ್ಚ್‌ನಲ್ಲಿ ಅದನ್ನು ನಡೆಸುತ್ತಿದ್ದ ನಯಾಂಟಿಕ್ ತನ್ನ ಆಟಗಳನ್ನು 350 ಕೋಟಿ ಡಾಲರ್‌ಗೆ ಸ್ಕೋಪ್ಲಿಗೆ ಕೊಡುವುದಾಗಿ ಹೇಳಿತು. ಸ್ಕೋಪ್ಲಿಯ ಒಡೆತನ ಸೌದಿಯ ಸ್ಯಾವಿ ಗೇಮ್ಸ್‌ನದು. ನಾನು ದಿನಾ ಯಾವ ದಾರಿಯಲ್ಲಿ ನಡೆದೆ ಅನ್ನುವ ಲೆಕ್ಕ ಯಾರ ಕೈಗೆ ಎಂದು ಆಟಗಾರರು ಕೇಳಿದರು. ಬಹಳ ಸರಿಯಾದ ಪ್ರಶ್ನೆ. ನಮ್ಮ 2023ರ ಡೇಟಾ ರಕ್ಷಣಾ ಕಾಯ್ದೆಯ 17ನೇ ಸೆಕ್ಷನ್ ಓದಿ. ನ್ಯಾಯಾಲಯ ಅಥವಾ ನ್ಯಾಯಮಂಡಳಿ ಒಪ್ಪಿದ ವಿಲೀನಕ್ಕೆ ಮಾಹಿತಿ ಬಳಸುವುದಾದರೆ ಒಪ್ಪಿಗೆ ಪಡೆಯುವಂಥ ಹಲವು ಹೊಣೆಗಳಿಂದ ವಿನಾಯಿತಿ ಇದೆ, ಸುರಕ್ಷಿತವಾಗಿಡುವ ಹೊಣೆ ಮಾತ್ರ ಬಿಟ್ಟಿಲ್ಲ. ಬರೀ ಶೇರು ಮಾರಿದರೆ ಆ ವಿನಾಯಿತಿಯೂ ಬೇಕಿಲ್ಲ, ಕಾಗದದ ಮೇಲೆ ಕಂಪನಿ ಹಳೆಯದೇ. ನಿಮ್ಮ ಮಾಹಿತಿ ಎಲ್ಲಿಗೂ ಹೋಗಿಲ್ಲ, ಹೊಸ ಮಾಲೀಕರು ಬಂದು ಕೂತಿದ್ದಾರೆ ಅಷ್ಟೇ.

"ಬೆಂಗಳೂರಿನ ಸ್ಟುಡಿಯೊಗಳೂ ಮಾರಾಟವಾಗಿವೆಯಲ್ಲ?" ಎಂದು ಇನ್ನೊಬ್ಬರು.

ಆಗಿವೆ. ತೀನ್ ಪತ್ತಿ ಗೋಲ್ಡ್, ಲೂಡೊ ಕ್ಲಬ್ ಮಾಡಿದ ಮೂನ್‌ಫ್ರಾಗ್ ಲ್ಯಾಬ್ಸ್ ಬೆಂಗಳೂರಿನದು, 2021ರಲ್ಲಿ ಸ್ವೀಡನ್ನಿನ ಸ್ಟಿಲ್‌ಫ್ರಂಟ್ ಕೊಂಡಿತು. ಆಟಗಾರರು ಬೀದಿಗೆ ಬಂದದ್ದನ್ನು ನಾನು ಕೇಳಲಿಲ್ಲ. ಲೂಡೊ ಆಡುವವನು ಸಾಮ್ರಾಜ್ಯ ಕಟ್ಟಿರುವುದಿಲ್ಲ, ನಾಳೆ ಇನ್ನೊಂದು ಆ್ಯಪ್‌ನಲ್ಲಿ ಅದೇ ದಾಳ ಉರುಳಿಸುತ್ತಾನೆ. ಕಟ್ಟಿದಷ್ಟು ಕಳೆದುಕೊಳ್ಳುವ ಭಯ.

ಕೊನೆಯ ಪ್ರಶ್ನೆ, ಒಂದು ಗಿಲ್ಡ್, ಅಂದರೆ ಒಟ್ಟಿಗೆ ಆಡುವವರ ಗುಂಪು, ನಡೆಸುವ ಹುಡುಗಿಯದು: "ನಮ್ಮ ಆಟದ ಸ್ಟುಡಿಯೊನೂ ಮಾರಾಟಕ್ಕಿದೆ ಅಂತ ಸುದ್ದಿ. ನಾವು ಈಗ ಏನು ಮಾಡಬೇಕು?"

ಮೂವತ್ತೋ ನಲವತ್ತೋ ಜನ ಇದ್ದೀರಲ್ಲ, ಅವರ ಸಂಪರ್ಕ ಆಟದ ಹೊರಗೆ ಇರಲಿ, ಸ್ಟುಡಿಯೊ ನಡೆಸುವ ಜಾಗದಲ್ಲಿ ಬೇಡ. ಈಮೇಲ್ ವಿಳಾಸ ಹಳೆಯದಾಗಿದ್ದರೆ ಬದಲಾಯಿಸಲು ಹೇಳಿ. ಖಾತೆ ಬದಲಿಸುವ ಗಡುವಿನ ಪತ್ರ ಅಲ್ಲಿಗೇ ಬರುವುದು. ಕೊಂಡ ರಸೀದಿಗಳನ್ನು ಇಟ್ಟುಕೊಳ್ಳಿ. ವರ್ಷದ ಚಂದಾ ಕಟ್ಟುವ ಬದಲು ತಿಂಗಳಿನದಕ್ಕೆ ಬನ್ನಿ. ಮತ್ತೆ, ನಿಮ್ಮ ಪಾತ್ರಗಳ ವಿವರ, ಚಿತ್ರ ಎಲ್ಲ ತೆಗೆದಿಡಿ. ಸಿಟಿ ಆಫ್ ಹೀರೋಸ್ ಮುಚ್ಚುವ ಮೊದಲು ಕೆಲವು ಆಟಗಾರರು ಒಂದು ಸಣ್ಣ ಪ್ರೋಗ್ರಾಂ ಬರೆದು, ತಮ್ಮ ವೀರರ ಮಾಹಿತಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಎಲ್ಲರಿಗೂ ಹಂಚಿದ್ದರು. ಆಗ ಅದರಿಂದ ಏನು ಉಪಯೋಗ ಎಂದು ಅವರಿಗೂ ಗೊತ್ತಿರಲಿಲ್ಲ.